ಹಳೇ ನಂಬರ್ ಹದಿನೇಳು, ಹೊಸ ನಂಬರ್ ಮೂವತ್ತೊಂದು

ನರಹರಿಯವರ ಶ್ರದ್ಧಾಂಜಲಿ ಸಭೆಗೆ ಬಂದಿರುವ ಎಲ್ಲ ಹಿರಿಯರಿಗೆ, ಗೆಳೆಯರಿಗೆ ನಮಸ್ಕಾರ. ಸಿಂಧೂರ ಅವರೇ, ಶ್ರಾವ್ಯ — ತಾಯಿ, ಮಗಳು ನಿಮ್ಮಿಬ್ಬರ ಎದುರು ನಿಂತು ಮಾತಾಡುವುದು ನನಗೆ ಸುಲಭವಿಲ್ಲ. ನಾನು ತ್ಯಾಗರಾಜ. ನರಹರಿಯವರು ಒಂಬತ್ತು ವರ್ಷ ದುಡಿದ ತಂಡದ ಮುಖ್ಯಸ್ಥ. ಇದೇ ಹೂಫ್‌ಡಾರ್ಪಿನಲ್ಲಿ, ಸ್ಟೇಷನ್ ಪಕ್ಕದ ಆಫೀಸು. ಹನ್ನೆರಡು ದಿನದ ಹಿಂದೆ ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಐವತ್ತು ತುಂಬಿರಲಿಲ್ಲ.

ಒಳ್ಳೆಯವರು, ಶ್ರಮಜೀವಿ ಅಂತ ನನಗಿಂತ ಮೊದಲು ಮಾತಾಡಿದವರೆಲ್ಲ ಹೇಳಿದರು. ಎಲ್ಲವೂ ನಿಜ. ನಾನು ಅವರ ಹುಚ್ಚಿನ ಬಗ್ಗೆ ಹೇಳುತ್ತೇನೆ.

ಹುಚ್ಚು — ಒಂದು ಬೀದಿಯ ಹುಚ್ಚು. ಈ ಊರಿನ ಬೀದಿಯಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಹ್ಯಾರೋಬಿ ಸ್ಟ್ರೀಟ್ ಅಂತ. ಓದುವಾಗ ಒಂದು ವರ್ಷ ಅಲ್ಲಿ ಬಾಡಿಗೆಗಿದ್ದರು, ಅಷ್ಟೇ ಸಂಬಂಧ. ಅರಮನೆ ಇಲ್ಲ, ಕೋಟೆ ಇಲ್ಲ, ಕೆಂಪು ಇಟ್ಟಿಗೆಯ ಸಾಲುಮನೆಗಳು. “ಇಂಗ್ಲಿಷ್ ವಠಾರ ಸಾರ್ ಇದು” ಅನ್ನುತ್ತಿದ್ದರು. ಮಧ್ಯಾಹ್ನ ನಾವೆಲ್ಲ ಕ್ಯಾಂಟೀನಿನಲ್ಲಿ ಕೂತು ಈ ಡಚ್ಚರ ಬ್ರೆಡ್ಡು, ಚೀಸು ಅಂತ ಗೊಣಗುತ್ತಿದ್ದರೆ, ಇವರು ತಮ್ಮ ಮೇಜಿನಲ್ಲೇ ಚಿತ್ರಾನ್ನದ ಡಬ್ಬಿ ಪಕ್ಕಕ್ಕಿಟ್ಟು ಕಂಪ್ಯೂಟರಿನ ನಕ್ಷೆಯ ಫೋಟೋಗಳಲ್ಲಿ ಆ ಬೀದಿ ಸುತ್ತುತ್ತಿದ್ದರು — ಹೀಗೆ, ಒಂದೇ ಬೆರಳಿನಲ್ಲಿ. “ಇಲ್ನೋಡಿ ಸಾರ್, ಈ ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಿದಾರೆ. ಮುಂಚೆ ಇದು ಅಂಗಡಿ.” ಯಾವ ಮನೆಯಲ್ಲಿ ಲೇಸು ಹೆಣೆಯುವವರಿದ್ದರು, ಯಾವುದರಲ್ಲಿ ಕಲ್ಲಿದ್ದಲು ಮಾರುವವರಿದ್ದರು — ನೂರು ವರ್ಷದ ಹಿಂದಿನ ನಿವಾಸಿಗಳ ಪಟ್ಟಿ ಬಾಯಿಪಾಠ. ನಾನು ಕೀಟಲೆ ಮಾಡುತ್ತಿದ್ದೆ: “ರೀ ನರಹರಿ, ಇಲ್ಲಿ ನಿಮ್ಮ ಪಕ್ಕದ್ಮನೆಯವರ ಹೆಸ್ರು ಗೊತ್ತೇನ್ರೀ?” ನಗುತ್ತಿದ್ದರು.

ಆ ಬೀದಿಯಲ್ಲೊಂದು ಪಾಳು ಕಟ್ಟಡ, ಮೂವತ್ತೊಂದನೇ ನಂಬರು. ಒಂದು ಕಾಲಕ್ಕೆ ಕೇರಿಯವರ ಬಟ್ಟೆ ಒಗೆಯುವ ಮನೆ. ನರಹರಿಯವರ ಹಳೆಯ ಮನೆಯೊಡತಿ, ಎಂಬತ್ತಾರು ವರ್ಷದ ಮಿಸೆಸ್ ಪೆಲ್ — ಅವರ ತಾಯಿ ಅಲ್ಲೇ ಬಟ್ಟೆ ಒಗೆದು ನಾಲ್ಕು ಮಕ್ಕಳನ್ನು ಸಾಕಿದವರು. ಕಳೆದ ವರ್ಷ ಮಾಲೀಕರು ಅದನ್ನು ಕೆಡವಲು ಹೊರಟರು. ಉಳಿಸಿಕೊಡಿ ಅಂತ ಬೀದಿಯವರು ನಗರಸಭೆಗೆ ಹೋದರು. ಬಾಯಿಮಾತು ಸಾಲದು, ದಾಖಲೆ ಬೇಕು. ಹಳೆಯ ಪಟ್ಟಿ ತೆಗೆದರೆ ಒಗೆಯುವ ಮನೆ ಹದಿನೇಳನೇ ನಂಬರಿನಲ್ಲಿದೆ. ಇವತ್ತಿನ ಹದಿನೇಳು ಬೇರೆಯೇ ಮನೆ. ಎಲ್ಲರೂ ಕೈಚೆಲ್ಲಿ ಕೂತರು.

ನರಹರಿ ಒಂದೇ ನೋಟಕ್ಕೆ ಹಿಡಿದರು. ಚಾಮರಾಜಪೇಟೆಯಲ್ಲಿ ಬೆಳೆದವರು ನೋಡಿ. ನಮ್ಮಲ್ಲಿ ಗೇಟಿನ ಮೇಲೆ ಬರೆದಿರುತ್ತದಲ್ಲ — ಹಳೇ ನಂಬರ್ ಇಷ್ಟು, ಹೊಸ ನಂಬರ್ ಇಷ್ಟು. “ಅದೇ ಕಥೆ ಸಾರ್. ಬೀದಿ ಶುರುವಿಗೆ ಹೊಸ ಮನೆ ಕಟ್ಟಿ, ಮತ್ತೆ ನಂಬರ್ ಹಾಕಿದಾರೆ. ಒಂದ್ ವರ್ಷದ ಪಟ್ಟಿಯಿಂದ ಮುಂದಿನ್ ವರ್ಷಕ್ಕೆ ಎಲ್ರೂ ಹದಿನಾಲ್ಕು ನಂಬರ್ ಮುಂದೆ ಹೋಗಿದಾರೆ. ಅಷ್ಟೂ ಸಂಸಾರ ಸಾಲಾಗಿ ಮನೆ ಬದಲಾಯಿಸ್ತಾವಾ?”

ಬೀದಿಯವರಿಂದ ಕರೆ ಬಂತು: ನಗರಸಭೆಯ ವಿಚಾರಣೆಗೆ ನೀವೇ ಬಂದು ವಿವರಿಸಿ. ಅದಕ್ಕೆ ಬ್ರಿಟನ್ನಿನ ವೀಸಾ ಬೇಕು, ವೀಸಾಕ್ಕೆ ಆಫೀಸಿನ ರಜೆ ಪತ್ರ ಬೇಕು. ನಾಲ್ಕು ದಿನದ ರಜೆ. ಪತ್ರವನ್ನು ಅವರೇ ಬರೆದು ತಂದರು. ನನ್ನ ಸಹಿ ಒಂದು ಬಾಕಿ.

ಇಲ್ಲಿ ಕೂತವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಕೆಲಸ ಇದ್ದರೆ ಈ ದೇಶದಲ್ಲಿರಲು ಪರ್ಮಿಟ್, ಪರ್ಮಿಟ್ ಇದ್ದರೆ ಮನೆ, ಮಕ್ಕಳ ಸ್ಕೂಲು. ಈ ವರ್ಷ ನಮ್ಮಿಬ್ಬರ ಪರ್ಮಿಟ್ಟೂ ನವೀಕರಣಕ್ಕೆ ಬಂದಿತ್ತು. ಆಫೀಸಿನಲ್ಲಿ ಜನ ಕಡಿಮೆ ಮಾಡುವ ಮಾತು. ಯಾರಿಲ್ಲದಿದ್ದರೂ ಕೆಲಸ ನಡೆಯುತ್ತದೆ, ಹೆಸರು ಕೊಡಿ ಅಂತ ಮೇಲಿನವರು ನನ್ನನ್ನು ಕೇಳಿದ್ದರು. ಆ ಹೊತ್ತಿನಲ್ಲಿ ಯಾವುದೋ ಬೀದಿಯ ನಂಬರಿಗಾಗಿ ರಜೆ ಅಂದರೆ — ಅವರಿಗೂ ಕುತ್ತು, ನನಗೂ ಕುತ್ತು. ಅತ್ತ ದರಿ, ಇತ್ತ ಪುಲಿ. ನಾನು ಸಹಿ ಹಾಕಲಿಲ್ಲ. ಆಗುವುದಿಲ್ಲ ಅಂತಲೂ ಹೇಳಲಿಲ್ಲ. “ನೋಡೋಣ ನರಹರಿ, ಮುಂದಿನ್ವಾರ” — ಹೀಗೆ ಐದು ವಾರ. ವಿಚಾರಣೆ ಮುಗಿಯಿತು. ನರಹರಿ ಬರೆದು ಕಳಿಸಿದ್ದ ವಿವರಣೆಯನ್ನು ಅಲ್ಲಿ ಯಾರೋ ಎರಡು ನಿಮಿಷ ಓದಿದರಂತೆ. ಪ್ರಶ್ನೆ ಕೇಳಿದಾಗ ಉತ್ತರ ಕೊಡುವವರಿರಲಿಲ್ಲ. ಕಟ್ಟಡ ಹೋಯಿತು.

“ಪರವಾಗಿಲ್ಲ ಬಿಡಿ ಸಾರ್” ಅಂದರು. ಮಾರನೆಯ ದಿನದಿಂದ ಊಟದ ಹೊತ್ತಿಗೆ ಡಬ್ಬಿ ಹಿಡಿದು ಕ್ಯಾಂಟೀನಿಗೆ ಬಂದು ನಮ್ಮ ಜೊತೆ ಕೂರತೊಡಗಿದರು.

ಮೊನ್ನೆ ಮನೆಗೆ ಹೋದಾಗ ಸಿಂಧೂರ ಅವರು ಹೇಳಿದರು, “ಸಭೇಲಿ ನೀವೇ ಮಾತಾಡ್ಬೇಕು ಸಾರ್. ಅವ್ರು ಕೇಳಿದ ತಕ್ಷಣ ನೀವು ರಜಾ ಕೊಟ್ರಂತೆ. ವೀಸಾನೇ ಸಿಗ್ಲಿಲ್ಲ ಅಂದ್ರು ಅವ್ರು.”

ನನ್ನ ಮರ್ಯಾದೆ ಉಳಿಸಲು ಆ ಮನುಷ್ಯ ಹೆಂಡತಿಗೆ ಸುಳ್ಳು ಹೇಳಿದ್ದಾರೆ. ಆವತ್ತಿನಿಂದ ನನ್ನ ಬಾಯಲ್ಲಿ ಬಿಸಿ ತುಪ್ಪ. ನುಂಗಿದರೆ ಈ ಸಭೆಯಲ್ಲಿ ನಾನು ದೊಡ್ಡ ಮನುಷ್ಯ. ಉಗುಳಿದರೆ ಅವರ ಮಾತನ್ನು ಹುಸಿ ಮಾಡಿದ ಹಾಗೆ.

ಸಿಂಧೂರ ಅವರೇ — ವೀಸಾ ಯಾರೂ ನಿರಾಕರಿಸಲಿಲ್ಲ. ಅರ್ಜಿಯೇ ಹೋಗಲಿಲ್ಲ. ಪತ್ರ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಈಗಲೂ ಅಲ್ಲೇ ಇದೆ. ನನಗೆ ನಾಚಿಕೆಯಾಗುತ್ತಿದೆ. ಶ್ರಾವ್ಯ, ನಾನು ಹೇಳಿದ್ದು ಪೂರ್ತಿ ಅರ್ಥವಾಗದಿದ್ದರೆ ಅಮ್ಮನನ್ನು ಕೇಳು. ಏನನ್ನೂ ಬಿಡದೆ ಹೇಳಲಿ.

ನನ್ನ ಮಾತು ಇಷ್ಟೇ. ನರಹರಿಯವರಿಗಾಗಿ ಎಲ್ಲರೂ ಎದ್ದು ಒಂದು ನಿಮಿಷ ಮೌನವಾಗಿ ನಿಲ್ಲಬೇಕು ಅಂತ ಕೇಳಿಕೊಳ್ಳುತ್ತೇನೆ.

ಸಿಂಧೂರ ಅವರೇ — ನೀವು ಕೂತೇ ಇರಿ. ನಾನು ಹೇಳಿದೆನೆಂದು ನೀವು ಏಳಬೇಕಾಗಿಲ್ಲ.