ಬಲ ಮಂಡಿಯ ಅಳತೆ

ಇಲ್ಲ, ಇಲ್ಲ, ಮೊದಲು ಕೂತ್ಕೋ. ನಿಮ್ಮಣ್ಣನ್ನ ಕರ್ಕೊಂಡು ಹೋಗೋ ಮಾತು ಆಮೇಲೆ. ಇಪ್ಪತ್ತು ವರ್ಷ ನರ್ಸ್ ಆಗಿ ದುಡಿದೋಳು, ಅತ್ತಿಗೆ ಹೇಳೋದನ್ನ ಐದು ನಿಮಿಷ ಕೇಳೋ ತಾಳ್ಮೆ ಇಲ್ವಾ? ಹೆಂಡತಿ ಗಟ್ಟಿಮುಟ್ಟಾಗಿರುವಾಗ ಗಂಡ ತಂಗಿ ಮನೇಲಿ ಬಿದ್ದಿದ್ರೆ ಜನ ನನ್ನ ಏನಂತಾರೆ...

ಆ ಗಾಜಿನ ಚೂರು ತುಳೀಬೇಡ. ಹೌದು, ಔಷಧಿ ಬೀರು ಒಡೆದದ್ದು ನಾನೇ. ಬೆಳಿಗ್ಗೆ, ಸುತ್ತಿಗೇಲಿ. ಯಾಕೆ ಹಾಗೆ ನೋಡ್ತೀಯ? ಸಿಟ್ಟು ಬಂದ್ರೆ ಕೆಲವರು ಅಳ್ತಾರೆ, ನಾನು ಒಡೀತೀನಿ.

ಎಲ್ಲಾ ಆ ಕೊಲೆಸ್ಟ್ರಾಲ್ ಮಾತ್ರೆಯಿಂದ. ನಗ್ತೀಯಾ? ನಗು. ನಕ್ಕಾದ ಮೇಲೆ ಈ ಪುಸ್ತಕ ನೋಡು. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ, ಕಾಫಿಗೆ ಮುಂಚೆ, ಟೇಪು ಹಿಡಿದು ನಿಮ್ಮಣ್ಣನ ಎರಡೂ ಮಂಡಿಯ ಸುತ್ತಳತೆ. ದಿನಾ ಎಷ್ಟು ಮೆಟ್ಟಿಲು ಹತ್ತಿದ್ರು, ಎಷ್ಟು ಸಲ ಕಾಲು ಮಡಚಿದ್ರು, ಮಾತ್ರೆ ನುಂಗಿದ್ರೋ ಉಗಿದ್ರೋ. ಬಿ.ಎಸ್ಸಿ. ಓದುವಾಗ ನನ್ನ ಪ್ರಯೋಗದ ಪುಸ್ತಕವನ್ನ ಮೇಷ್ಟ್ರು ಪಕ್ಕದ ಕ್ಲಾಸಿಗೆ ಒಯ್ದು ತೋರಿಸ್ತಿದ್ರು. ಇವತ್ತಿಗೂ ಒಂದು ಚಿತ್ತು ಕಾಟು ಇಲ್ಲ.

ಫೆಬ್ರವರಿ ತೆಗಿ. ಎಕ್ಸ್‌ರೇ ತೆಗೆಸಿದ್ವು, ಮಂಡಿ ಸವೀತಿದೆ, ಎರಡೂ ಹೆಚ್ಚುಕಡಿಮೆ ಒಂದೇ ಥರ, ಅಂದ್ರು ಡಾಕ್ಟರು. ಅಳತೆ ಎರಡೂ ಮೂವತ್ತೆಂಟು ಸೆಂಟಿಮೀಟರ್. ಅದೇ ವಾರ ರಕ್ತದಲ್ಲಿ ಕೊಬ್ಬು ಜಾಸ್ತಿ ಅಂತ ಮಾತ್ರೆ ಶುರು. ಮಾರ್ಚಿಂದ ಊತ. ಏಪ್ರಿಲ್‌ನಲ್ಲಿ ಮೆಟ್ಟಿಲು ಹತ್ತೋದೇ ನಿಂತುಹೋಯ್ತು. ಮಾತ್ರೆ ಬಂತು, ಮಂಡಿ ಹೋಯ್ತು. ಇನ್ನೇನು ಸಾಕ್ಷಿ ಬೇಕು?

ಕೇಳಿದೆ, ಆ ಡಾಕ್ಟರನ್ನೇ ಕೇಳಿದೆ. ಈ ಮಾತ್ರೆ ಮಂಡಿ ಸವೆತವನ್ನ ನಿಧಾನ ಮಾಡುತ್ತಾ ಅಂತಲೇ ಸಂಶೋಧನೆ ಮಾಡ್ತಿದ್ದಾರಂತೆ. ಕೆಲವರಿಗೆ ಹೌದು ಅನ್ನಿಸಿದೆ, ಕೆಲವರಿಗೆ ಏನೂ ಪ್ರಯೋಜನ ಕಂಡಿಲ್ಲ. ಮೈಕೈ ನೋವು ಬಂದ್ರೆ ಬಂದೀತು, ಮಂಡಿ ಹೀಗೆ ಊದೋದು ಇದರಿಂದಲ್ಲ, ಹೃದಯಕ್ಕೆ ಬೇಕು, ನಿಲ್ಲಿಸಬೇಡಿ, ಅಂದ. ಪುಸ್ತಕ ಎತ್ತಿ ಅವನ ಮೇಜಿನ ಮೇಲೆ ಅಪ್ಪಳಿಸಿದೆ. ಆಚೆ ಬಂದ್ರೆ ಔಷಧಿ ಅಂಗಡಿಯವನು ಹಲ್ಲು ಕಿರಿದು ಈ ತಿಂಗಳ ಮಾತ್ರೆ ಅಂತ ಪೊಟ್ಟಣ ಚಾಚಿದ. ಕೆನ್ನೆಗೆ ಬಿಟ್ಟೆ. ಕನ್ನಡಕ ರಸ್ತೆಗೆ ಹಾರ್ತು.

ಇದಾ? ಹುಬ್ಬಿನ ಮೇಲಾ? ಮೂರು ಹೊಲಿಗೆ. ನಿಮ್ಮಣ್ಣ ಸ್ಟೀಲ್ ಲೋಟ ಬೀಸಿದ್ರು. ಬಾಯಿಲ್ಲದ ಪ್ರಾಣಿ ಅಂದ್ಕೊಂಡಿದ್ದೀಯಲ್ಲ... ಲೇತ್ ಮೆಷಿನ್‌ನಲ್ಲಿ ಪಳಗಿದ ಕೈ, ಕೂದಲೆಳೆಯಷ್ಟೂ ಗುರಿ ತಪ್ಪಲ್ಲ. ಮಹಾ ಹಠ. ಡಾಕ್ಟರು ದಿನಾ ಇಪ್ಪತ್ತು ಸಲ ಕಾಲು ಮಡಚಿ ಅಂದಿದ್ದಾರೆ, ಇವರು ಹದಿಮೂರಕ್ಕೆ ನಿಲ್ಲಿಸಿ ಗೋಡೆ ಕಡೆ ತಿರುಗ್ತಾರೆ. "ಪುಸ್ತಕಕ್ಕೆ ಬೇಕಾದ್ರೆ ನೀನೇ ಮಡಚ್ಕೊಳೇ" ಅಂತಾರೆ. ನನ್ನ ಪುಸ್ತಕದಲ್ಲಿ ಹದಿಮೂರು ಅಂತ ಬರೀಲಾ ನಾನು?

ಅದಿರಲಿ. ಡಾಕ್ಟರ ಮೇಲೆ ದೂರು ಬರೆದಿಟ್ಟಿದ್ದೀನಿ. ನರ್ಸ್ ಅಂತ ಕೆಳಗೆ ನಿಂದೊಂದು ರುಜು ಹಾಕು. ಮಾತ್ರೆ ನಿಲ್ಲಲಿ, ನಿಮ್ಮಣ್ಣ ಇಲ್ಲೇ ಇರಲಿ.

ಮತ್ತೆ ಹಿಂದಕ್ಕೆ ಯಾಕೆ ತಿರುವ್ತೀಯ? ಬೆರಳಿಟ್ಟು ಏನು ನೋಡ್ತಿದ್ದೀಯ... ಎಡ ಮಂಡಿ. ಹ್ಞೂಂ, ಮೂವತ್ತೆಂಟು. ಏಪ್ರಿಲ್‌ನಲ್ಲೂ ಮೂವತ್ತೆಂಟು. ಜೂನ್‌ನಲ್ಲೂ. ಪಕ್ಕದಲ್ಲಿ ಬಲದ್ದು... ನಲವತ್ತು, ನಲವತ್ತೊಂದು, ನಲವತ್ತಮೂರು. ಗೊತ್ತು. ಬರೆದೋಳು ನಾನೇ ತಾನೆ.

ನುಂಗಿದ ಮಾತ್ರೆ ಎರಡೂ ಕಾಲಿಗೆ ಹೋಗುತ್ತೆ ಅಂತ ನನಗೆ ಹೇಳಿಕೊಡಬೇಡ.

ಬೈಯಿ.

ಆ ಬಾಗಿಲ ಕಡೆ ನೋಡ್ಬೇಡ. ಮಂಚ ಕಾಣುತ್ತಲ್ಲ... ಹೌದು. ಅವರ ಎಡಗಡೆ ಗೋಡೆ. ನಾನು ನಿಲ್ಲೋದು ಬಲಗಡೆ.

ಹದಿಮೂರಕ್ಕೆ ನಿಲ್ಲಿಸಿದಾಗ... ಲಟ್ಟಣಿಗೇಲಿ. ಒಂದೇ ಏಟು ಅಂತ ಶುರುವಾದದ್ದು. ಏಟು ಬಿದ್ದ ಮೇಲೆ ಇಪ್ಪತ್ತು ಸಲ ಮಡಚ್ತಿದ್ರು. ಆದದ್ದಕ್ಕೇ ಇಪ್ಪತ್ತು ಅಂತ ಬರೆದೆ, ಸುಳ್ಳು ಬರೆದಿಲ್ಲ. ಏಟಿಗೆ ಅಂತ ಬೇರೆ ಸಾಲು ಹಾಕಿರಲಿಲ್ಲ, ಅಷ್ಟೆ.

ಎದ್ದೇಬಿಟ್ಟೆಯಾ... ಎತ್ತುವಾಗ ಬಲ ಮಂಡಿ ಕೆಳಗೆ ಕೈ ಕೊಡು. ಕಿರುಚ್ತಾರೆ, ಹೆದರಬೇಡ. ಯಾರು ಹೊಡೆದದ್ದು ಅಂತ ಕೇಳ್ಬೇಡ, ಬಾಯಿ ಬಿಡಲ್ಲ. ಡಾಕ್ಟರ ಮುಂದೆ ಪ್ಯಾಂಟು ಮೇಲೆತ್ತೋಕೂ ಒಪ್ಪಲಿಲ್ಲ ಅವರು. ನನ್ನ ಮಾನ ಹೋಗುತ್ತೆ ಅಂತ.