ಈಸ್ಟರ್ ಸೋಮವಾರದಂದು ಬಾರ್ಲಿ ಎಂಬ ನಾಯಿಯನ್ನು ಕರೆದೊಯ್ದ ಬಗ್ಗೆ

ಎಡ್ಗರ್ ಥ್ವೇಟ್, ವಯಸ್ಸು ಎಪ್ಪತ್ತನಾಲ್ಕು, ನಿವೃತ್ತ ಭೂಗೋಳ ಉಪಾಧ್ಯಾಯ, ವಾಸ ಮನೆ ಸಂಖ್ಯೆ 9, ಚರ್ಚ್ ಬೀದಿ, ಸ್ಕಾರ್‌ವಿಕ್ ಗ್ರಾಮ, ಉತ್ತರ ಯಾರ್ಕ್‌ಷೈರ್ ಆದ ನಾನು ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಹೇಳಿಕೆಯ ಮೂಲಕ ತಿಳಿಯಪಡಿಸುವುದೇನೆಂದರೆ:

ಪಕ್ಕದ 11ನೆಯ ಸಂಖ್ಯೆಯ ಮನೆಯಲ್ಲಿ ಮೊಯ್ರಾ ಡೆಂಟ್ ಅವರು ವಾಸವಾಗಿದ್ದಾರೆ. ಅವರು ಆಸ್ಪತ್ರೆಯಲ್ಲಿ ದಾದಿ. ಹಿಂದೆ ನನ್ನ ವಿದ್ಯಾರ್ಥಿನಿ. ಬಾರ್ಲಿ ಅವರ ನಾಯಿ. ಅವರು ಕೆಲಸಕ್ಕೆ ಹೋಗುವ ದಿನಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಅದನ್ನು ತಿರುಗಾಡಿಸುವುದು ನನ್ನ ಹೊಣೆ. ಇದಕ್ಕಾಗಿ ಅವರ ಮನೆಯ ಕೀಲಿಕೈ ನನ್ನ ಬಳಿ ಇದೆ. ಆದ್ದರಿಂದ ಅವರ ತಮ್ಮ ಕಾಲಿನ್ ಕೊಟ್ಟಿರುವ ದೂರಿನಲ್ಲಿ ಬಳಸಿರುವ 'ಬೀಗ ಒಡೆದು' ಎಂಬ ಪದಗಳು ಸರಿಯಲ್ಲ.

ಏಪ್ರಿಲ್ ಮೊದಲ ವಾರದಲ್ಲಿ ಮೊಯ್ರಾ ಅವರು, ತಾವು ಗೆಳತಿಯ ಮದುವೆಗೆ ಇನ್ವರ್ನೆಸ್‌ಗೆ ಹೋಗುವುದಾಗಿಯೂ, ಈಸ್ಟರ್ ರಜೆಯ ನಾಲ್ಕೂ ದಿನ ಬಾರ್ಲಿಯನ್ನು ನನ್ನ ಮನೆಯಲ್ಲಿ ಇರಿಸಿಕೊಳ್ಳಲು ಸಾಧ್ಯವೇ ಎಂದೂ ಕೇಳಿದರು. ರಜೆಗೆ ಲೀಡ್ಸ್ ನಗರದಲ್ಲಿರುವ ಸೋದರಳಿಯನ ಮನೆಗೆ ಹೋಗಲಿದ್ದೇನೆಂದು ಉತ್ತರಿಸಿದೆನು. ಹಬ್ಬಕ್ಕೆ ಕರೆಯುವವರಿಲ್ಲದ ಮನುಷ್ಯ ನಾನೆಂದು ಅವರು ತಿಳಿಯುವುದು ನನಗೆ ಬೇಡವಾಗಿತ್ತು. ಅವರು ಸಂತೋಷಪಟ್ಟು, ನಾಯಿಯನ್ನು ನೋಡಿಕೊಳ್ಳಲು ತಮ್ಮನಾದ ಕಾಲಿನ್‌ನನ್ನು ಕರೆಸಿಕೊಂಡರು.

ಶುಕ್ರವಾರ ಬೆಳಿಗ್ಗೆ ಅವರ ಕಾರು ಹೊರಡುವ ಹೊತ್ತಿಗೆ ನಾನು ಸೂಟ್‌ಕೇಸ್ ಹಿಡಿದು ಹೊರಬಂದೆನು. ರೈಲು ನಿಲ್ದಾಣದವರೆಗೆ ಬಿಡುವುದಾಗಿ ಅವರು ಹೇಳಿದರು, ಬಸ್ಸೇ ಅನುಕೂಲವೆಂದೆನು. ಕಾರು ತಿರುವು ದಾಟಿದ ಮೇಲೆ ಹಿಂದಿನ ಓಣಿಯಿಂದ ಮನೆಯೊಳಗೆ ಬಂದೆನು. ಸೂಟ್‌ಕೇಸಿನಲ್ಲಿ ಏನೂ ಇರಲಿಲ್ಲ.

ಅಂದಿನಿಂದ ಭಾನುವಾರದವರೆಗೆ ಬೀದಿಯ ಕಡೆಯ ಪರದೆಗಳನ್ನು ತೆರೆಯಲಿಲ್ಲ, ದೀಪ ಹಾಕಲಿಲ್ಲ, ರೇಡಿಯೊ ಕೇಳಲಿಲ್ಲ. ಅಡುಗೆಮನೆಯಲ್ಲಿ ಕುಳಿತಿದ್ದೆನು. ಪ್ರತಿದಿನ ಹನ್ನೆರಡು ಗಂಟೆಗೆ ಗೋಡೆಯ ಆಚೆಯಿಂದ ಬಾರ್ಲಿ ಬೊಗಳುತ್ತಿತ್ತು. ಕಾಲಿನ್ ಅದನ್ನು ಹಿತ್ತಲಿಗೆ ಬಿಡುತ್ತಿದ್ದನು. ಅದು ಬೇಲಿಯ ಸಂದಿಗೆ ಮೂಗಿಟ್ಟು ನನ್ನ ಮನೆಯ ಕಡೆಗೇ ನೋಡುತ್ತಿತ್ತು. ನಾನು ಒಳಗಿರುವುದು ಅದಕ್ಕೊಂದಕ್ಕೇ ಗೊತ್ತಿತ್ತು.

ಸೋಮವಾರ, ದಿನಾಂಕ 21ರಂದು ಬೆಳಿಗ್ಗೆ ಹತ್ತಕ್ಕೆ ಅವರ ಬಾಗಿಲ ಗಂಟೆಯನ್ನು ಒಮ್ಮೆ ಒತ್ತಿದೆನು. ಕಾಲಿನ್ ಮಲಗಿದ್ದಿರಬೇಕು, ಉತ್ತರ ಬರಲಿಲ್ಲ. ಎರಡನೆಯ ಸಲ ಒತ್ತಬಹುದಾಗಿತ್ತು. ಒತ್ತದೆ, ಕೀಲಿಕೈಯಿಂದ ಬಾಗಿಲು ತೆರೆದು ನಾಯಿಯನ್ನು ಕರೆದುಕೊಂಡು ಹೊರಟೆನು. ಚೀಟಿ ಬರೆದಿಡಲಿಲ್ಲ. ಅದು ಮರೆವಿನಿಂದಲ್ಲ.

ಮೊದಲು ಒಂದು ಮೈಲಿ ದೂರದ ಕಾಡಿಗೆ ಹೋದೆವು. ಮರಗಳ ಬುಡದಲ್ಲೆಲ್ಲ ನೀಲಿ ಗಂಟೆಹೂಗಳು ಬಿಟ್ಟಿದ್ದವು. ಬಾರ್ಲಿಯ ಮೂತಿಗೆ ಪರಾಗ ಮೆತ್ತಿ ಅದು ಹಲವು ಸಲ ಸೀನಿತು. ಹನ್ನೊಂದೂವರೆಗೆ ಚರ್ಚಿನ ಹುಲ್ಲುಗಾವಲಿನಲ್ಲಿ ನಾಯಿಗಳಿಗಾಗಿ ಏರ್ಪಡಿಸಿದ್ದ ಮೊಟ್ಟೆ ಹುಡುಕುವ ಆಟಕ್ಕೆ ಸೇರಿದೆವು. ಪ್ಲಾಸ್ಟಿಕ್ ಮೊಟ್ಟೆಗಳೊಳಗೆ ಚೀಸಿನ ತುಣುಕುಗಳಿದ್ದವು. ಈಸ್ಟರ್‌ನಲ್ಲಿ ಮಕ್ಕಳಿಗೆ ಇಡುವಂತೆ ಚಾಕೊಲೇಟ್ ಇಟ್ಟಿರಲಿಲ್ಲ, ಅದು ನಾಯಿಗಳಿಗೆ ವಿಷ. ಬಾರ್ಲಿ ತನ್ನ ಪಾಲಿನದನ್ನು ಮುಗಿಸಿ ಪಕ್ಕದ ನಾಯಿಯ ಬುಟ್ಟಿಗೆ ಬಾಯಿ ಹಾಕಿತು. ಆ ನಾಯಿಯ ಒಡತಿ ನನ್ನ ಹಳೆಯ ವಿದ್ಯಾರ್ಥಿನಿ. "ನೋಡಿ ಸರ್, ನಿಮ್ ಹುಡ್ಗ ಪಕ್ಕದವ್ರದ್ದು ಕಾಪಿ ಹೊಡೀತಿದಾನೆ. ನಮ್ಗಾದ್ರೆ ಬೆಂಚ್ ಮೇಲೆ ನಿಲ್ಲಿಸ್ತಿದ್ರಿ," ಎಂದಳು. ಶುಕ್ರವಾರದ ನಂತರ ನನ್ನೊಡನೆ ಮಾತನಾಡಿದ ಮೊದಲ ವ್ಯಕ್ತಿ ಆಕೆ.

ಒಂದು ಗಂಟೆಗೆ ಅದನ್ನು ಮನೆಗೆ ಬಿಡಬೇಕಾಗಿತ್ತು. ಬಿಡದೆ ಸಮುದ್ರತೀರಕ್ಕೆ ಇಳಿದೆನು. ಮೇ ಒಂದರಿಂದ ಅಲ್ಲಿ ನಾಯಿಗಳಿಗೆ ಪ್ರವೇಶವಿಲ್ಲ. ಅದು ಅಲೆಗಳನ್ನು ಅಟ್ಟಿತು, ಅಲೆಗಳು ಅದನ್ನು ಅಟ್ಟಿದವು. ನಾನು ಬೂಟು ಕಳಚಿ ನೀರಿನಲ್ಲಿ ನಿಂತಿದ್ದೆನು.

ಎರಡೂವರೆಗೆ ಹುಲ್ಲುಗಾವಲಿಗೆ ಮರಳಿ, 'ಯಜಮಾನನನ್ನೇ ಹೋಲುವ ನಾಯಿ' ಎಂಬ ಸ್ಪರ್ಧೆಗೆ ಸೇರಿದೆವು. ಯಜಮಾನರ ಹೆಸರೇನೆಂದು ಕೇಳಲಾಯಿತು. ನನ್ನ ಹೆಸರು ಹೇಳಿದೆನು. ಪ್ರಶ್ನೆ ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ತೀರ್ಪುಗಾರ್ತಿಯಾದ ಪಶುವೈದ್ಯೆ ನಮ್ಮಿಬ್ಬರ ಹುಬ್ಬುಗಳನ್ನು ನೋಡಿ, "ಇವರಿಬ್ರಲ್ಲಿ ಯಾರು ಯಾರನ್ನ ಸಾಕಿದಾರೋ ನಂಗಂತೂ ಗೊತ್ತಾಗ್ತಿಲ್ಲಪ್ಪ," ಎಂದು ಮೈಕಿನಲ್ಲಿ ಹೇಳಿದರು. ಜನ ನಕ್ಕರು. ನಾನೂ ನಕ್ಕೆನು. ನಮಗೆ ಮೊದಲ ಸ್ಥಾನ ಬಂದಿತು.

ಮೂರು ಗಂಟೆ ಹತ್ತು ನಿಮಿಷಕ್ಕೆ ಕಾನ್‌ಸ್ಟೆಬಲ್ ಪ್ರೈಸ್ ಅವರು ಕಾಲಿನ್‌ನೊಡನೆ ಅಲ್ಲಿಗೆ ಬಂದರು. ಕಾಲಿನ್ ಬೆಳಗಿನಿಂದ ಬೀದಿಬೀದಿ ಹುಡುಕಿದ್ದನೆಂದೂ, ಅಕ್ಕನಿಗೆ ಏನು ಹೇಳಲೆಂದು ಅತ್ತಿದ್ದನೆಂದೂ ತಿಳಿಯಿತು. ಆತನು ಪರದಾಡಿದ ಆ ಐದು ಗಂಟೆಗಳಿಗೆ ನಾನೇ ಹೊಣೆ. "ನಾಯಿ ಬೇಕಿದ್ರೆ ನೀವೊಂದು ಸಾಕ್ಕೊಳ್ಳಿ ಸರ್. ನಮ್ದ್ಯಾಕೆ?" ಎಂದು ಆತನು ಎಲ್ಲರೆದುರು ಕೇಳಿದನು. ಬಾರ್ಲಿ ಬಾಲವಾಡಿಸುತ್ತ ಆತನ ಬಳಿ ಹೋಯಿತು. ಅದು ಯಾರನ್ನು ಕಂಡರೂ ಹಾಗೆಯೇ ಹೋಗುತ್ತದೆ.

ಕಾನ್‌ಸ್ಟೆಬಲ್ ಅವರು ಮೊಯ್ರಾ ಅವರಿಗೆ ಫೋನ್ ಮಾಡಿದರು. ಗಾಳಿಯಲ್ಲಿ ಕೇಳಿಸದ ಕಾರಣ ಸ್ಪೀಕರ್ ಹಾಕಿದರು. ಆದ್ದರಿಂದ ಮುಂದಿನ ಮಾತುಗಳಿಗೆ ಸಾಕ್ಷಿಗಳಿದ್ದಾರೆ. ತಮ್ಮ ಕಡೆಯಿಂದ ದೂರಿಲ್ಲವೆಂದು ಅವರು ಹೇಳಿದರು. ಬಳಿಕ ನಾನು ಲೀಡ್ಸ್‌ನಿಂದ ಯಾವಾಗ ಬಂದೆನೆಂದು ಕೇಳಿದರು. ನಿನ್ನೆ ಬಂದೆನೆಂದು ಹೇಳಲು ಬಾಯಿ ತೆರೆದೆನು.

"ಹೋಗ್ಲೇ ಇಲ್ಲಮ್ಮ. ಲೀಡ್ಸ್‌ನಲ್ಲಿ ನನಗೆ ಯಾರೂ ಇಲ್ಲ," ಎಂದೆನು.

ಅತ್ತ ಕಡೆಯಿಂದ ಕೇಳಿಸುತ್ತಿದ್ದ ಮದುವೆಮನೆಯ ಸಂಗೀತ ದೂರವಾಯಿತು, ಅವರು ಹೊರಗೆ ಬಂದಿರಬೇಕು.

"ನಾಯಿ ವಿಷ್ಯ ಬಿಡಿ ಸರ್. ಮತ್ತೆ ಇಷ್ಟು ದಿನ ಎಲ್ಲಿದ್ರಿ?" ಎಂದರು.

ಅಡುಗೆಮನೆಯಲ್ಲಿ ಎಂದೆನು.

ಬುಧವಾರ ಹನ್ನೆರಡಕ್ಕೆ ಎಂದಿನಂತೆ ಬರಬೇಕೆಂದೂ, ರಜೆಯ ದಿನಗಳ ವಿಷಯ ತಾವು ಬಂದು ಮಾತನಾಡುವುದಾಗಿಯೂ ಅವರು ತಿಳಿಸಿದರು. ಏನು ಮಾತನಾಡುವರೆಂದು ನನಗೆ ತಿಳಿಯದು. ಸ್ಪರ್ಧೆಯ ಮೊದಲ ಸ್ಥಾನವನ್ನು ಹಿಂದಿರುಗಿಸಿರುತ್ತೇನೆ.

ಇದನ್ನು ನಾನು ಎರಡು ಸಲ ಓದಿ, ಇದರಲ್ಲಿ ಸುಳ್ಳಾಗಲಿ, ಬಿಟ್ಟುಹೋದದ್ದಾಗಲಿ ಇಲ್ಲವೆಂದು ಖಚಿತಪಡಿಸಿಕೊಂಡಿದ್ದೇನೆ. ಮುಂದೆ ವಿಚಾರಣೆಗೆ ಬೇಕಾದಲ್ಲಿ ಯಾವ ದಿನವಾದರೂ ಬರಬಹುದು. ರಜೆಯ ದಿನಗಳಲ್ಲಿಯೂ ನಾನು ಮನೆಯಲ್ಲಿಯೇ ಇರುತ್ತೇನೆ.

ಸ್ಥಳ: ಸ್ಕಾರ್‌ವಿಕ್
ದಿನಾಂಕ: 21 ಏಪ್ರಿಲ್ 2025
ಸಹಿ: ಎಡ್ಗರ್ ಥ್ವೇಟ್