ಸಾಲಿನ ಕೊನೇ ಪದ

ನಂಬೋದು ಬಿಡೋದು ನಿಮಗೆ ಸೇರಿದ್ದು. ಇದು ಆಗಿದ್ದು ನಮ್ಮ ದೊಡ್ಡಮ್ಮನ ಮಗ ಮಹೇಶನಿಗೆ. ಹೋದ ಡಿಸೆಂಬರ್‌ನಲ್ಲಿ.

ರಾತ್ರಿ ಒಂದೂಮುಕ್ಕಾಲು. ಮಂಡಿ ಮೊಹಲ್ಲಾದಿಂದ ಲಕ್ಷ್ಮೀಪುರಂಗೆ ಒಬ್ಬನೇ ನಡೆದು ಬರುತ್ತಿದ್ದ. ಗಾಡಿ ಇತ್ತು. ಸುಪ್ರೀತ್ ಗಾಡಿಯಿಂದ ಬಿದ್ದು ಸತ್ತ ಮೇಲೆ ಇವನು ತನ್ನ ಗಾಡಿ ಮುಟ್ಟಿರಲಿಲ್ಲ. ನಮ್ಮ ಮನೆ ತಿರುವಿನಲ್ಲಿ ಒಂದು ಹಳೇ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ. ಅಲ್ಲಿಗೆ ಬರೋ ಹೊತ್ತಿಗೆ... ಇರಿ, ಸುಪ್ರೀತ್ ಯಾರು ಅಂತ ಮೊದಲು ಹೇಳಿಬಿಡ್ತೀನಿ.

ಮಹೇಶ, ಸುಪ್ರೀತ್ ಸೇರಿ ಐದು ಜನ ಹುಡುಗರು ರ‍್ಯಾಪ್ ಹಾಡೋ ಗುಂಪು ಕಟ್ಟಿದ್ದರು. ಮಂಡಿ ಮೊಹಲ್ಲಾದ ಒಂದು ಬೆಲ್ಲದ ಮಂಡಿಯ ಮೇಲಿನ ರೂಮೇ ಸ್ಟುಡಿಯೋ. ಹಗಲೆಲ್ಲ ಕೆಳಗೆ ಮೂಟೆ ಇಳಿಸೋ ಧಡ್ ಧಡ್, ಅದಕ್ಕೆ ರೆಕಾರ್ಡಿಂಗ್ ಏನಿದ್ದರೂ ರಾತ್ರಿ. ಮೊದಲನೇ ಆಲ್ಬಮ್, ಒಂಬತ್ತು ಹಾಡು. ಮಹೇಶ ಹಾಡುವಾಗ ಸುಪ್ರೀತ್ ಅವನ ಎಡಗಡೆ, ಒಂದು ಹೆಜ್ಜೆ ಹಿಂದೆ ನಿಲ್ಲೋನು. ಪ್ರತಿ ಸಾಲಿನ ಕೊನೇ ಪದ ಸುಪ್ರೀತನದು. ಅವನು ಅದನ್ನು ಹೇಳುವಷ್ಟರಲ್ಲಿ ಇವನು ಉಸಿರೆಳೆದುಕೊಂಡು ಮುಂದಿನ ಸಾಲು ಹಿಡಿಯೋನು. ಆರು ವರ್ಷ ಹೀಗೇ.

ಎಂಟು ಹಾಡು ಮುಗಿದಿತ್ತು. ಇವರಿಬ್ಬರದು ಒಂದೇ ಹಾಡು, ಅದೇ ಬಾಕಿ. ಅಷ್ಟರಲ್ಲಿ ಸುಪ್ರೀತ್ ಹೋಗಿಬಿಟ್ಟ. ಅದನ್ನು ಕೈಬಿಡೋಣ ಅಂದರು ಉಳಿದವರು. ಮಹೇಶ ಒಪ್ಪಲಿಲ್ಲ. ಅದೂ ಹೋದರೆ ಆಲ್ಬಮ್‌ನಲ್ಲಿ ಸುಪ್ರೀತ್ ಇದ್ದ ಅನ್ನೋದಕ್ಕೆ ಗುರುತೇ ಇರೋದಿಲ್ಲ. ಬೆಳಗಿನವರೆಗೆ ಟೈಮ್ ಕೇಳಿಕೊಂಡ.

ಆ ರಾತ್ರಿ ಹದಿನೇಳು ಸಲ ಹಾಡಿದ. ಆಗಲಿಲ್ಲ. ಸಾಲಿನ ಕೊನೇ ಪದ ಬರೋ ಹೊತ್ತಿಗೆ ಬಾಯಿ ರೂಢಿಯಂತೆ ನಿಂತುಹೋಗೋದು. ರೆಕಾರ್ಡ್ ಮಾಡೋ ಹುಡುಗಿ ಪವಿತ್ರ "ಸಾಕು, ಮನೆಗೆ ಹೋಗಿ ಅಣ್ಣ" ಅಂದಳು. ಹೊರಟ.

ಬಾವಿ ಹತ್ತಿರ ಒಂದು ನಾಯಿಯೂ ಇಲ್ಲ. ಇವನ ಚಪ್ಪಲಿ ಮಾತ್ರ... ಚಟ್... ಚಟ್. ಸುಮ್ಮನೆ ಆ ಹಾಡಿನ ಸಾಲು ಗೊಣಗಿಕೊಂಡ.

"ಲಾರಿ ಬಂದ್ರೆ ಬೆಳಗಾಯ್ತು, ಮಲಗಿದ್ದು ಗೋಣಿ..."

"ಮೇಲೆ."

ಎಡಗಡೆಯಿಂದ. ಒಂದು ಹೆಜ್ಜೆ ಹಿಂದೆ.

ಮಹೇಶ ತಿರುಗಲಿಲ್ಲ. ತಿರುಗಿದಾಗ ಯಾರೂ ಇಲ್ಲದೆ ಹೋದರೆ ಅನ್ನೋ ಹೆದರಿಕೆ ಅವನಿಗೆ.

"ಬಂದ್ಬುಟ್ಟೇನೋ?" ಅಂದ, ಪಿಸುದನಿಯಲ್ಲಿ.

ಬಾವಿಯ ಜಾಲರಿ ಕಿರ್... ಅಂತು.

"ಬಾ, ಹೋಗನ" ಅಂದ ಮಹೇಶ.

ಹಿಂದೆ ನೋಡಬಾರದು ಅಂತ ಮುಂದಿನ ಅಡ್ಡರಸ್ತೆ ಸುತ್ತು ಹಾಕಿಕೊಂಡು ವಾಪಸ್ ಸ್ಟುಡಿಯೋಗೆ ನಡೆದ. ಪವಿತ್ರ ಇನ್ನೂ ಬೇರೆ ಹಾಡುಗಳ ಕೆಲಸ ಮಾಡುತ್ತ ಕೂತಿದ್ದಳು.

"ಏನಾಯ್ತಣ್ಣ?"

"ಇನ್ನೊಂದೇ ಸಲ ಕಣಮ್ಮ."

ಹಾಡೋ ಗಾಜಿನ ಕೋಣೆಯಲ್ಲಿ ಒಬ್ಬನೇ ನಿಂತ. ಹದಿನಾರು ಸಾಲೂ ಒಂದೇ ಓಟಕ್ಕೆ ಮುಗಿಸಿದ. ಹದಿನಾರು ಪದವೂ ಎಡಗಡೆಯಿಂದ ಅವನ ಕಿವಿಗೆ ಬಿದ್ದವು. ಹೊರಗೆ ಬಂದಾಗ ನಗುತ್ತಿದ್ದ, ಕಣ್ಣಲ್ಲಿ ನೀರು.

"ಬಂತಲ್ಲ ಅವನ ದನಿ?"

ಪವಿತ್ರ ಹೆಡ್‌ಫೋನ್ ಕೊಟ್ಟಳು. ಕೇಳಿದ. ಪ್ರತಿ ಸಾಲಿನ ಕೊನೆಗೆ... ಖಾಲಿ. ಹಾ... ಅಂತ ಇವನೇ ಉಸಿರೆಳೆದುಕೊಂಡ ಸದ್ದು. ಅಷ್ಟೇ.

ಹೆಡ್‌ಫೋನ್ ತೆಗೆದಿಟ್ಟು, "ಅಂಗೇ ಬುಡು" ಅಂದ. ಉಳಿದವರು ಬೈದುಕೊಂಡರು. ಆದರೂ ಹಾಡು ಹಾಗೇ ಹೋಯಿತು.

ಆಲ್ಬಮ್ ಬಂದ ಮೇಲೆ ಮಹೇಶ ಸುಪ್ರೀತನ ತಾಯಿ ನೀಲಮ್ಮನವರನ್ನು ನೋಡೋಕೆ ಹೋದ, ಜೊತೆಗೆ ನಾನು. ತಲೆ ತಗ್ಗಿಸಿಕೊಂಡು ಹೇಳಿದ, "ಅಮ್ಮ, ಅವನ ದನಿ ಬರಲಿಲ್ಲ. ತಪ್ಪು ತಿಳ್ಕೋಬೇಡಿ."

ನೀಲಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಬರ್ದೇ ಏನಪ್ಪ? ಫೋನಲ್ಲಿ ದಿನಾ ಕೇಳ್ತೀನಿ. ನನ್ನ ಹೆಸ್ರು ಹೇಳೋ ಕಡೆ ಒಂಚೂರು ಗಂಟ್ಲು ಕಟ್ಕೊಂಡದೆ. ಇನ್ನೊಂದ್ಸಲ ಹೇಳಿಸ್ಬೋದಿತ್ತಲ್ಲ?"

ಮಹೇಶ ತಟ್ಟನೆ ಎದ್ದು ಹೊರಟ. ದಾರಿಯಲ್ಲಿ ನನಗೆ ಹೇಳಿದ. ಹದಿಮೂರನೇ ಸಾಲಿನ ಕೊನೇ ಪದ "ನೀಲಮ್ಮ". ರೆಕಾರ್ಡಿಂಗ್‌ನಲ್ಲಿ ಅದು ಇಲ್ಲ. ಆ ರಾತ್ರಿ ಗಾಜಿನ ಕೋಣೆಯಲ್ಲಿ ಇವನ ಕಿವಿಗೆ ಸುಪ್ರೀತನ ಗಂಟಲು ಕಟ್ಟಿದ ಹಾಗೆ ಕೇಳಿಸಿದ್ದು ಆ ಒಂದು ಪದಕ್ಕೇ. ಅದನ್ನು ಇವನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ದೇವರಾಣೆ, ನೀಲಮ್ಮ ಹಾಗಂದಾಗ ನಾನು ಅಲ್ಲೇ ಕೂತಿದ್ದೆ. ಆಮೇಲೆ ಆ ಹಾಡು ಎಷ್ಟು ಸಲ ಹಾಕಿ ಕೇಳಿದೀನೋ ಲೆಕ್ಕವಿಲ್ಲ. ಸಾಲಿನ ಕೊನೆಗೆ ನನಗೆ ಆ ಉಸಿರೊಂದು ಬಿಟ್ಟರೆ ಬೇರೇನೂ ಕೇಳಿಸೋದಿಲ್ಲ.

ಮಹೇಶನಿಗೂ ಅಷ್ಟೇ.